ಸಾರಿಗೆ ಕಡ್ಡಿ ಹಾಕಿದ ಮನುಷ್ಯ

ಎರಡೂ ಕೈ ಮೇಲೆತ್ತಿಕೊಂಡು ನಮ್ಮ ಮನೆ ಹೊಸಿಲ ಮೇಲೆ ನಿಂತ ಗಂಡಸು ಆತ ಒಬ್ಬನೇ. ಬಂದ ಕೆಲಸ ಮುಗಿಸಿ, ಚೀಲವನ್ನು ನೆಲದ ಮೇಲಿಟ್ಟು, ಪೊಲೀಸರ ಕೈಗೆ ಸಿಕ್ಕವನ ಹಾಗೆ ನಿಲ್ಲುತ್ತಿದ್ದ. “ಚೆಕ್ ಮಾಡಿ” ಅನ್ನುತ್ತಿದ್ದ. ಚೆಕ್ ಮಾಡುವವರೆಗೂ ಕೈ ಇಳಿಸುತ್ತಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಇಕ್ಕಟ್ಟಿನ ಬೀದಿ. ಎದುರು ಮನೆಯವರು ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡುತ್ತಿದ್ದರು. ನೋಡಲಿ ಎಂದೇ ಆತ ಅಲ್ಲಿ ನಿಲ್ಲುತ್ತಿದ್ದುದು.

ಆತ ತೀರಿಕೊಂಡ ಸುದ್ದಿಯನ್ನು ಶಿವಮೊಗ್ಗದ ವಿದ್ಯಾನಗರದಿಂದ ಆತನ ತಂಗಿ ಫೋನಿನಲ್ಲಿ ಹೇಳಿದಳು. ನಮಗೂ ಅವರಿಗೂ ನೆಂಟಸ್ತಿಕೆಯಿಲ್ಲ. ಆಕೆಯ ಮುಖವನ್ನೇ ನಾನು ನೋಡಿರಲಿಲ್ಲ. ನನ್ನ ನಂಬರು ಇವಳಿಗೆಲ್ಲಿ ಸಿಕ್ಕಿತು, ನನಗೇ ಯಾಕೆ ಹೇಳುತ್ತಿದ್ದಾಳೆ ಎಂದು ಮೊದಲು ಅನುಮಾನ ಬಂತು. ದುಃಖ ಬಂದಿತೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಬಸ್ಸು ಹತ್ತಿ ಹೋಗಿ ಬಂದೆ. ಬಂದ ಮೇಲೆ ಮನೆಯಲ್ಲಿ ಒಂದು ಸಂಗತಿ ಗೊತ್ತಾಯಿತು. ಅದಕ್ಕೇ ಇಷ್ಟನ್ನು ಬರೆಯುತ್ತಿದ್ದೇನೆ. ಆತನ ಹೆಸರು ಹಾಕುವುದಿಲ್ಲ. ಹಾಕಿದರೂ ಭದ್ರಾವತಿಯ ಹಳೇ ಕೆಲಸಗಾರರಿಗೆ ಯಾರೆಂದು ತಿಳಿಯದು. ಕಡ್ಡಿ ಎಂದರೆ ತಿಳಿಯುತ್ತದೆ.

ನನ್ನ ಗಂಡ ದುಡಿಯುತ್ತಿದ್ದ ಕಾರ್ಖಾನೆಯ ಗೇಟಿನಲ್ಲಿ ಆತ ಸೆಕ್ಯುರಿಟಿ. ಒಳಗೆ ಹೋಗುವಾಗ ಬೀಡಿ, ಬೆಂಕಿಪೊಟ್ಟಣ, ಬಾಟ್ಲಿ ಹುಡುಕುವುದು. ಹೊರಗೆ ಬರುವಾಗ ಹಿತ್ತಾಳೆ, ತಾಮ್ರ ಹುಡುಕುವುದು. ಕೈಯಲ್ಲಿ ಒಂದು ಸೈಕಲ್ ಚಕ್ರದ ಕಡ್ಡಿ. ಬುತ್ತಿಯ ಮುಚ್ಚಳ ತೆಗೆಸಿ, ಸಾರಿನೊಳಗೆ ಕಡ್ಡಿ ಇಳಿಸಿ, ತಳದವರೆಗೂ ತಿರುವಿ, ಸೊಂಟದ ಬಟ್ಟೆಗೆ ಒರೆಸಿಕೊಂಡು ಮುಂದಿನ ಬುತ್ತಿಗೆ ಹಾಕುವುದು. ಮೀನು ಮುಟ್ಟದ ಮನೆಯವರ ತಿಳಿಸಾರಿಗೆ ಮೀನಿನ ವಾಸನೆ ಹತ್ತಿತೆಂದು ಆಗ ನಾವಿದ್ದ ಕ್ವಾರ್ಟರ್ಸಿನ ಹೆಂಗಸರೆಲ್ಲ ಗೇಟಿಗೇ ಹೋಗಿ ಜಗಳ ಆಡಿದೆವು. ಪಕ್ಕದ ಮನೆಯ ತಮಿಳು ಹೆಂಗಸು ತನ್ನ ಭಾಷೆಯಲ್ಲೇ ಏನೋ ಬೈದಳು. ಅರ್ಥವಾಗದಿದ್ದರೂ ನಮಗೆಲ್ಲ ಸಮಾಧಾನವಾಯಿತು. ಮಾರನೇ ದಿನದಿಂದ ಆತ ಎರಡು ಕಡ್ಡಿ ಇಟ್ಟುಕೊಂಡ. ಒಂದಕ್ಕೆ ಹಸಿರು ದಾರ, ಇನ್ನೊಂದಕ್ಕೆ ಕೆಂಪು. ಕಡ್ಡಿ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಒಂದು ಸಲ ನನ್ನ ಗಂಡನ ಬುತ್ತಿಯಲ್ಲಿ ಕಡ್ಡಿ ಟಣ್ ಎಂದಿತು. ಹಿಂದಿನ ದಿನದ ಮಟನ್ ಸಾರು. ಆತ ಬುತ್ತಿಯನ್ನು ಮುಚ್ಚಳಕ್ಕೆ ಬೋರಲು ಹಾಕಿಸಿದ. ಸಾರೆಲ್ಲ ಹರಿದು ನೆಲಕ್ಕೆ ಹೋಯಿತು. ಸಿಕ್ಕಿದ್ದು ಮೂಳೆ. “ಸರಿ, ಹೋಗು” ಅಂದನಂತೆ, ಅಷ್ಟೇ. ತಪ್ಪಾಯ್ತು ಎಂಬ ಮಾತಿಲ್ಲ. ನನ್ನ ಗಂಡ ಆ ದಿನ ಬರಿ ಅನ್ನ ತಿಂದು ಬಂದ. ಮನೆಗೆ ಬಂದು ಕಡ್ಡಿಯ ವಂಶವನ್ನೆಲ್ಲ ಬೈದ. ನಾನೂ ಜೊತೆಗೆ ಬೈದೆ. ಮಸಾಲೆ ಅರೆದು ಮಟನ್ ಬೇಯಿಸಿದ್ದವಳು ನಾನಲ್ಲವೇ.

ಬರುಬರುತ್ತ ಕಾರ್ಖಾನೆಯಲ್ಲಿ ಜನ ಕಡಿಮೆಯಾದರು. ಹೋಗಿ ಬರುವವರೇ ಇಲ್ಲದ ಮೇಲೆ ಗೇಟಿಗೆ ಏನು ಕೆಲಸ. ನನ್ನ ಗಂಡ ಕೆಲಸ ಬಿಟ್ಟು ಮನೆಗೆ ಬಂದ, ಆಮೇಲೆ ತೀರಿಯೂಹೋದ. ಕಡ್ಡಿ ಹಿಡಿದಾತ ಶಿವಮೊಗ್ಗಕ್ಕೆ ಹೋಗಿ ವಿದ್ಯಾನಗರದಲ್ಲಿ ತಂಗಿಯ ಮನೆಯ ಹಿಂಬದಿಯ ಕೋಣೆಯಲ್ಲಿ ಉಳಿದ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕಾವಲಿಗೆ ಸೇರಿದ. ಗಿರಾಕಿಗಳ ಲ್ಯಾಪ್‌ಟಾಪಿನೊಳಗಿನ ಒಳ್ಳೇ ಸಾಮಾನು ತೆಗೆದು ಹಳೇದು ಹಾಕುತ್ತಾರೋ ಎಂದು ಅಂಗಡಿಯವನಿಗೆ ತನ್ನ ಕೆಲಸಗಾರರ ಮೇಲೇ ಸಂಶಯ. ಬಾಗಿಲಲ್ಲಿ ಕಾಯುವುದಲ್ಲ, ಮೇಜಿನ ಪಕ್ಕ ಕೂತು ಅವರ ಕೈ ಕಾಯುವುದು ಈತನ ಕೆಲಸ. ಯಾವ ಸ್ಕ್ರೂ ಎಲ್ಲಿಂದ ಬಂತು, ಯಾವ ಚಿಪ್ಪು ಎಲ್ಲಿಗೆ ಹೋಯಿತು, ಕೈ ಮೇಜಿನ ಕೆಳಗೆ ಯಾಕೆ ಇಳಿಯಿತು, ಇದನ್ನೇ ವರ್ಷಗಟ್ಟಲೆ ನೋಡಿದ. ಕಳ್ಳ ಸಿಗಲಿಲ್ಲ. ನೋಡಿ ನೋಡಿ ಈತನಿಗೇ ಕೆಲಸ ಬಂದುಬಿಟ್ಟಿತು. ಅಂಗಡಿ ಮುಚ್ಚಿದ ಮೇಲೆ ತಾನೇ ಒಂದು ಚೀಲ ಹಿಡಿದು ಮನೆಮನೆಗೆ ಹೊರಟ.

ಇದನ್ನೆಲ್ಲ ಆತ ದೊಡ್ಡ ಸಾಧನೆ ಎನ್ನುವ ಹಾಗೆ ಹೇಳಿಕೊಳ್ಳುತ್ತಿದ್ದ. ಮೀಸೆ ತಿರುವಿಕೊಂಡು, “ಕಾಲೇಜಲ್ಲಿ ಕಲಿತೋರು ಮೇಷ್ಟ್ರನ್ನ ನಂಬಿ ಕಲೀತಾರೆ, ನಾನು ಯಾರ್ನೂ ನಂಬ್ದೆ ಕಲ್ತೀನಿ” ಅನ್ನುತ್ತಿದ್ದ.

ಆತನನ್ನು ನಮ್ಮ ಮನೆಗೆ ಕರೆತಂದವಳು ನನ್ನ ಮಗಳು ಶಶಿ. ಗಂಡನ ಮನೆ ಬಿಟ್ಟು ಬಂದವಳು. ನಾನು ಮೊದಲಿನಿಂದಲೂ ಬ್ಲೌಸ್ ಹೊಲಿಯುವವಳು. ಅವಳು ಬಂದ ಮೇಲೆ ಮುಂದಿನ ಕೋಣೆಗೆ ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ತಂದೆವು. ನಾನು ಖಾಕಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ನವಿಲು, ಮಾವು, ಬಳ್ಳಿ ಬರೆದುಕೊಡುತ್ತೇನೆ. ಅವಳು ಅದನ್ನು ಲ್ಯಾಪ್‌ಟಾಪಿನಲ್ಲಿ ಒಂದೊಂದು ಹೊಲಿಗೆಯಾಗಿ ಕೂಡಿಸಿ ಮಿಷನ್ನಿಗೆ ಕೊಡುತ್ತಾಳೆ. ಅದೇ ಅವಳ ಅನ್ನ. ನಾಳೆ ನನ್ನ ಕಣ್ಣು ಹೋದರೆ ಅವಳಿಗೆ ಉಳಿಯುವುದು ಅದೊಂದೇ.

ಆ ಲ್ಯಾಪ್‌ಟಾಪನ್ನು ಅವಳು ಯಾರೋ ಬಳಸಿ ಮಾರಿದ್ದನ್ನು ತಂದಿದ್ದಳು. “ಹೊಸದರ ಹಂಗೇ ಇದೆಯಮ್ಮ” ಎಂದು ನನಗೆ ಹೇಳಿದ್ದಳು. ಕೆಲವೇ ತಿಂಗಳಿಗೆ ಅದು ಬೀಸುವ ಕಲ್ಲಿನ ಹಾಗೆ ಗರಗರ ಎನ್ನತೊಡಗಿತು. ಆನ್ ಮಾಡಿ, ಒಲೆ ಹಚ್ಚಿ, ಕಾಫಿ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ಹೊಲಿಗೆ ಜಾಸ್ತಿ ಇದ್ದ ಡಿಸೈನಾದರೆ ನಡುವೆಯೇ ಸ್ತಬ್ಧ. ಹೊಸದಾಗಿ ಬಂದ ಗಿರಾಕಿಗಳು ಕಾದು ಕಾದು ಎದ್ದು ಹೋಗುತ್ತಿದ್ದರು. ಒಳಗೆ ತಿರುಗುವ ಹಳೇ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿಸಬೇಕು, ಅದರಲ್ಲಿ ತಿರುಗುವುದು ಏನೂ ಇರುವುದಿಲ್ಲ, ಎಲ್ಲ ಚಿಪ್ಪು, ಮಿಂಚಿನ ಹಾಗೆ ಓಡುತ್ತದೆ ಎಂದು ಶಶಿ ಯಾರಿಂದಲೋ ಕೇಳಿಕೊಂಡು ಬಂದಳು. ಅದನ್ನು ಹಾಕುವವನನ್ನೂ ಕರೆದುಕೊಂಡೇ ಬಂದಳು.

ಬಾಗಿಲಲ್ಲಿ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಆತನಿಗೆ ಸಿಕ್ಕಲಿಲ್ಲ. ಒಳಗೆ ಬಂದು ಮೂಗರಳಿಸಿದ. ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು.

“ನೀವು ಎಂಟುನೂರ ಹನ್ನೊಂದನೇ ಟೋಕನ್ನಿನ ಹೆಂಡ್ತಿ ಅಲ್ವಾ?” ಅಂದ.

ಹೌದು ಎಂದೆ.

“ನಿಮ್ಮನೆ ಸಾರಿಗೆ ಬೆಲ್ಲ ಜಾಸ್ತಿ.”

ಗಂಡನ ಹೆಸರು ಗೊತ್ತಿಲ್ಲ, ಕಾರ್ಖಾನೆಯ ನಂಬರು ಗೊತ್ತಿದೆ, ಸಾರು ಗೊತ್ತಿದೆ. ವಾಸನೆಯಿಂದಲೇ ಕಂಡುಹಿಡಿಯುತ್ತಿದ್ದೆ ಎಂದು ಹೇಳಿಕೊಂಡ. ಸಾರಿನೊಳಗಿನ ಬೆಲ್ಲ ವಾಸನೆಗೆ ಗೊತ್ತಾಗುತ್ತದೆಯೇ? ಈ ಮನುಷ್ಯ ಕಡ್ಡಿ ನೆಕ್ಕುತ್ತಿದ್ದ ಎಂದು ನನಗೆ ಆಗ ತಿಳಿಯಿತು. ಅಷ್ಟೂ ವರ್ಷ ನಮ್ಮೆಲ್ಲರ ಮನೆಯ ಸಾರು ತಿಂದಿದ್ದಾನೆ. ಇಂಥವನ ಕೈಗೆ ಶಶಿಯ ಲ್ಯಾಪ್‌ಟಾಪು.

ಅದರಲ್ಲಿ ನನ್ನ ಡಿಸೈನೆಲ್ಲ ಇತ್ತು. ಚನ್ನಗಿರಿ ರಸ್ತೆಯಲ್ಲಿ ಇನ್ನೊಬ್ಬರು ಗಾಜಿನ ಅಂಗಡಿ ಮಾಡಿಕೊಂಡು ನಮ್ಮದೇ ಕೆಲಸ ಮಾಡುತ್ತಾರೆ. ಒಂದು ಕಡ್ಡಿಯಷ್ಟು ದೊಡ್ಡ ಪೆನ್‌ಡ್ರೈವಿಗೆ ಎಲ್ಲ ತುಂಬಿಕೊಂಡು ಹೋಗಿ ಅವರಿಗೆ ಕೊಟ್ಟರೆ ನಮ್ಮ ಕಥೆ ಮುಗಿಯಿತು. ನಾನು ಎದ್ದು ಆತನ ಬೆನ್ನ ಹಿಂದೆ ನಿಂತೆ.

ಆತ ತಿರುಗಿ, “ಹಿಂದೆ ಯಾಕೆ ನಿಂತ್ಕೊಂಡ್ರಿ ಮಾರಾಯ್ತಿ, ಎದುರಿಗೆ ಕೂತ್ಕೊಳ್ಳಿ. ಕೈ ಕೊಡಿ” ಅಂದ. ಕಳಚಿದ ಸ್ಕ್ರೂಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕಿದ. “ಮುಷ್ಟಿ ಬಿಗಿ ಹಿಡೀರಿ. ನಾನು ಕೇಳ್ದಾಗ ಕೊಡಿ. ನಂಬಬೇಡಿ, ನೋಡಿ.”

ಇದು ಆತನ ಪದ್ಧತಿ. ಯಾರ ಮನೆಯಲ್ಲೂ ಲ್ಯಾಪ್‌ಟಾಪನ್ನು ಹೊರಗೆ ತೆಗೆದುಕೊಂಡು ಹೋಗುತ್ತಿರಲಿಲ್ಲ. ಮನೆಯವರು ಎದುರಿಗೆ ಕೂರಬೇಕು, ಸ್ಕ್ರೂ ಅವರ ಮುಷ್ಟಿಯಲ್ಲಿರಬೇಕು. ಕಾಫಿ ಕೊಟ್ಟರೆ ಕುಡಿಯುವುದಿಲ್ಲ, ತನ್ನದೇ ಫ್ಲಾಸ್ಕು ತರುತ್ತಿದ್ದ. ಇಷ್ಟೊಂದು ಸಾಚಾತನ ತೋರಿಸಬೇಕಾದರೆ ಒಳಗೆ ಏನೋ ಇದೆ ಎಂದೇ ನನಗನ್ನಿಸಿತು. ಮುಷ್ಟಿ ಬಿಗಿಹಿಡಿದುಕೊಂಡು ನೋಡಿದೆ.

ಮೊದಲು ಹೊಸ ಡಿಸ್ಕನ್ನು ಒಂದು ವೈರಿನಿಂದ ಹೊರಗೇ ಸಿಕ್ಕಿಸಿ, ಹಳೆಯದರಲ್ಲಿದ್ದುದೆಲ್ಲ ಅದಕ್ಕೆ ಹೋಗುವವರೆಗೆ ಕೂತ. ಆಮೇಲೆ ಹಳೆಯದನ್ನು ತೆಗೆದು ಹೊಸದನ್ನು ಒಳಗಿಟ್ಟ. ಹಳೇ ಡಿಸ್ಕನ್ನು ನನ್ನ ಕೈಗೇ ಕೊಟ್ಟು, ಕೆಟ್ಟಿಲ್ಲ, ನಿಧಾನ ಅಷ್ಟೇ, ಜೋಪಾನವಾಗಿಡಿ ಎಂದ. ಅಕ್ಕಿ ಡಬ್ಬದಲ್ಲಿಟ್ಟೆ. ಅಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಹಾಕುವುದು ಸುಲಭವಂತೆ, ಅದನ್ನು ಓಡುವ ಹಾಗೆ ಹದ ಮಾಡುವುದೇ ಕೆಲಸವಂತೆ. ಲ್ಯಾಪ್‌ಟಾಪ್ ಏಳುವ ಮೊದಲೇ ಯಾವುದೋ ಗುಂಡಿ ಒತ್ತಿ ಒಂದು ನೀಲಿ ಪರದೆ ತೆರೆದು, ಹಳೇ ಡಿಸ್ಕಿನ ಜೊತೆ ಮಾತಾಡುವ ರೀತಿಯಲ್ಲೇ ಹೊಸದರ ಜೊತೆ ಮಾತಾಡಿದರೆ ಅದು ಅರ್ಧ ಜೋರಿನಲ್ಲೇ ಓಡುತ್ತದೆ ಎಂದು ಏನನ್ನೋ ಬದಲಿಸಿದ. ವಾರಕ್ಕೊಮ್ಮೆ ತಾನಾಗಿ ಒಳಗೆಲ್ಲ ಜೋಡಿಸಿಡುವ ವ್ಯವಸ್ಥೆ ಒಂದಿತ್ತು, ಅದನ್ನು ನಿಲ್ಲಿಸಿದ. ಹಳೇ ಡಿಸ್ಕಿಗೆ ಅದು ಬೇಕು. ಇದಕ್ಕೆ ಜೋಡಿಸುವುದರಿಂದ ಸವೆತವೇ ಹೊರತು ಲಾಭವಿಲ್ಲ ಎಂದ. ಸ್ವಚ್ಛ ಮಾಡಿದರೆ ಹಾಳಾಗುವ ಸಾಮಾನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬದಲಿಗೆ ಟ್ರಿಮ್ ಎಂಬುದು ನಡೆಯುತ್ತಿದೆಯೋ ಎಂದು ನೋಡಿದ. ಆ ಮಾತು ನನಗೆ ಗೊತ್ತಾಯಿತು. ಎಂಬ್ರಾಯ್ಡರಿ ಆದ ಮೇಲೆ ಬಟ್ಟೆಯ ಹಿಂಬದಿಯಲ್ಲಿ ಜೋತಾಡುವ ದಾರ ಕತ್ತರಿಸುವುದಕ್ಕೆ ನಾವೂ ಟ್ರಿಮ್ ಎನ್ನುತ್ತೇವೆ. ಅದೇ ಅಂದ. ಅಳಿಸಿದ್ದನ್ನು ಅಲ್ಲೇ ಜೋತಾಡಲು ಬಿಡದೆ ಕತ್ತರಿಸಿ ಬಿಸಾಡುವುದು. ಆಗ ಹೊಸದನ್ನು ಬರೆಯುವಾಗ ತಡವಾಗುವುದಿಲ್ಲ. ಆದರೆ ಕತ್ತರಿಸಿದ್ದು ಮತ್ತೆ ಸಿಗುವುದಿಲ್ಲ, ಅಳಿಸುವ ಮುಂಚೆ ಯೋಚನೆ ಮಾಡಿ ಎಂದು ಶಶಿಗೆ ಹೇಳಿದ.

ಆಮೇಲೆ ಒಂದು ಭಾಗವನ್ನು ಖಾಲಿ ಬಿಟ್ಟ. ಪರದೆಯ ಮೇಲೆ ಉದ್ದನೆಯ ಪಟ್ಟಿ ಬಂತು, ಅದರ ತುದಿಯಲ್ಲಿ ಒಂದು ತುಂಡಿಗೆ ಕಪ್ಪು ಬಣ್ಣ. ಅಲ್ಲಿ ಏನನ್ನೂ ಇಡುವಂತಿಲ್ಲ, ಅದು ಹಾಗೇ ಇರಬೇಕು ಎಂದ. ನನಗೆ ಮೈ ಉರಿಯಿತು. ಕೊಂಡುಕೊಂಡ ಜಾಗದಲ್ಲಿ ನಮಗೆ ಕಾಣದ ತುಂಡು ಯಾಕೆ? ಏನು ಮುಚ್ಚಿಡುತ್ತಾನೆ ಅದರಲ್ಲಿ? ಬಾಯಿಬಿಟ್ಟು ಕೇಳಿದೆ.

“ಬ್ಲೌಸ್ ಹೊಲಿಯೋವಾಗ ಒಳಗೆ ಬಟ್ಟೆ ಬಿಡಲ್ವಾ ನೀವು?” ಅಂದ.

ಬಿಡುತ್ತೇನೆ. ಮುಂದೆ ಮೈ ದಪ್ಪವಾದರೆ ಬಿಚ್ಚಿ ಸಡಿಲ ಮಾಡಲು ಬೇಕಾಗುತ್ತದೆ.

“ಆ ಬಟ್ಟೆ ಕದ್ದ್ರಿ ಅಂತ ಗಿರಾಕಿ ಅಂದ್ರೆ?”

ಅನ್ನುತ್ತಾರೆ. ದರ್ಜಿ ಬಟ್ಟೆ ಉಳಿಸಿಕೊಳ್ಳುತ್ತಾಳೆ ಎಂಬ ಮಾತನ್ನು ಕೇಳಿ ಕೇಳಿ ನನ್ನ ಕಿವಿ ಮರಗಟ್ಟಿದೆ. ಮಾತು ಅರ್ಥವಾಯಿತು, ಸಂಶಯ ಹೋಗಲಿಲ್ಲ.

ಕೊನೆಗೆ ಒಂದು ಚೌಕಕ್ಕೆ ಟಿಕ್ ಹಾಕುವುದಿತ್ತು. ಹಾಕಿದರೆ ಬರೆಯುವ ಕೆಲಸ ಇನ್ನೂ ಜೋರಾಗುತ್ತದಂತೆ. ಹಾಕುವ ಮೊದಲು ಬ್ಯಾಟರಿ ಹೇಗಿದೆ ಎಂದು ಶಶಿಯನ್ನು ಕೇಳಿದ. “ಚೆನ್ನಾಗಿದೆ” ಎಂದಳು ಶಶಿ. ಆತ ಟಿಕ್ ಹಾಕಿದ.

ನನ್ನ ಮುಷ್ಟಿಯಿಂದ ಸ್ಕ್ರೂ ಒಂದೊಂದೇ ತೆಗೆದುಕೊಂಡು ಬಿಗಿದ. ಬೆವರಿಗೆ ಅವು ಅಂಗೈಗೆ ಅಂಟಿಕೊಂಡಿದ್ದವು. ಲ್ಯಾಪ್‌ಟಾಪ್ ಆನ್ ಮಾಡಿದ. ನಾನು ಒಲೆಯ ಕಡೆ ತಿರುಗುವಷ್ಟರಲ್ಲಿ ತೆರೆದುಕೊಂಡಿತ್ತು. ಗರಗರ ಶಬ್ದವೂ ಇಲ್ಲ. ಶಬ್ದವೇ ಇಲ್ಲದ್ದು ನನಗೆ ಅದೇಕೋ ಹಿಡಿಸಲಿಲ್ಲ. ಓಡುತ್ತಿದೆಯೋ ಸತ್ತಿದೆಯೋ ಹೇಗೆ ಗೊತ್ತಾಗಬೇಕು?

ಆಮೇಲೆ ಹೊಸಿಲ ಮೇಲೆ ನಿಂತು ಕೈ ಮೇಲೆತ್ತಿದ.

ಎಲ್ಲ ಮನೆಯಲ್ಲೂ ಹಾಗೇ ನಿಲ್ಲುತ್ತಿದ್ದನಂತೆ. ವಿದ್ಯಾನಗರದಲ್ಲಿ ಜನ ನಕ್ಕು, “ಬಿಡಿ ಸಾರ್, ಏನು ತಮಾಷೆ” ಎಂದು ಕಳಿಸುತ್ತಿದ್ದರಂತೆ. ನಾನು ನಗಲಿಲ್ಲ. ಮೊದಲು ಅಂಗಿಯ ಜೇಬು, ಆಮೇಲೆ ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಕ್ಕೆಳೆದು ನೋಡಿದೆ. ಸೊಂಟದ ಸುತ್ತ ತಡವಿದೆ. ಚೀಲ ಸುರಿಸಿದೆ. ಫ್ಲಾಸ್ಕಿನ ಮುಚ್ಚಳ ತೆಗೆದು ಬೆರಳಾಡಿಸಿದೆ. ಇಡೀ ಊರಿನ ಎದೆ ಸೊಂಟ ಅಳೆದವಳು ನಾನು, ನನಗೆ ಅದರಲ್ಲಿ ನಾಚಿಕೆಯಿಲ್ಲ. ಶಶಿ ತಲೆ ತಗ್ಗಿಸಿ ಒಳಗೆ ಹೋದಳು. ಏನೂ ಸಿಗಲಿಲ್ಲ.

ಆತ ಕೈ ಇಳಿಸಿ, “ನೀವೊಬ್ರೇ ನೋಡಿ ಸರಿಯಾಗಿ ನೋಡಿದ್ದು” ಎಂದ. ಬಹಳ ಸಂತೋಷವಾದವನ ಹಾಗೆ ಕಂಡ. ಕಳ್ಳನಿಗೂ ಸಿಕ್ಕದೆ ಹೋದಾಗ ಹಾಗೇ ಸಂತೋಷವಾಗುತ್ತದೆ ಎಂದುಕೊಂಡೆ. ಆ ವಾರ ಚನ್ನಗಿರಿ ರಸ್ತೆಗೆ ಹೋಗಿ ಆ ಅಂಗಡಿಯ ಗಾಜಿಗೆ ಮುಖವಿಟ್ಟು ನೋಡಿ ಬಂದೆ. ನನ್ನ ಬಳ್ಳಿ ಅಲ್ಲಿರಲಿಲ್ಲ. ಆಮೇಲೂ ನೋಡಿದ್ದೇನೆ. ಈಗಲೂ ನೋಡುತ್ತೇನೆ.

ಕೆಲಸ ಚೆನ್ನಾಗಿ ನಡೆಯಿತು, ಸುಳ್ಳು ಹೇಳಬಾರದು. ಸಣ್ಣಪುಟ್ಟದಕ್ಕೆ ಆತ ಆಗಾಗ ಬರುತ್ತಿದ್ದ, ಪ್ರತಿ ಸಲ ನಾನು ಜೇಬು ನೋಡಿ ಕಳಿಸುತ್ತಿದ್ದೆ. ಮದುವೆಯ ಕಾಲ ಬಂತು. ಹೊಳೆಹೊನ್ನೂರಿನಿಂದ ಒಬ್ಬ ತಾಯಿ ಬಂದು ಮಗಳ ಧಾರೆಯ ಬ್ಲೌಸು ಕೊಟ್ಟಳು. ಬೆನ್ನಿನ ತುಂಬ ನವಿಲು ಬೇಕು, ಆದರೆ ಬೇರೆ ಯಾರ ಬೆನ್ನ ಮೇಲೂ ಇರದ ನವಿಲು ಬೇಕು ಎಂದಳು. ನಾನು ಖಾಕಿ ಕಾಗದದಲ್ಲಿ ಒಂದು ನವಿಲು ಬರೆದೆ. ಎಲ್ಲರ ನವಿಲೂ ಮುಂದೆ ನೋಡುತ್ತದೆ. ನನ್ನದು ಕತ್ತು ತಿರುಗಿಸಿ ಹಿಂದೆ ಬರುವವರನ್ನು ನೋಡುವ ನವಿಲು. ಶಶಿ ಅದನ್ನು ಹೊಲಿಗೆ ಹೊಲಿಗೆಯಾಗಿ ಲ್ಯಾಪ್‌ಟಾಪಿನಲ್ಲಿ ಕೂಡಿಸಿದಳು. ಗರಿಗಳಿಗೇ ದಿನಗಟ್ಟಲೆ ಹಿಡಿಯಿತು. ಒಂದು ಮಧ್ಯಾಹ್ನ ಮುಗಿಯಿತು ಎಂದು ಸೇವ್ ಮಾಡಿದಳು. ನಾನು ನೋಡುತ್ತಿದ್ದೆ. ಅದೇ ಗಳಿಗೆಗೆ ಕರೆಂಟು ಹೋಯಿತು. ಲ್ಯಾಪ್‌ಟಾಪು ದೀಪ ಆರಿದ ಹಾಗೆ ಆರಿತು.

ಕರೆಂಟು ಬಂದ ಮೇಲೆ ತೆರೆದರೆ ನವಿಲು ಇಲ್ಲ. ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ.

“ಸೇವ್ ಮಾಡಿದ್ನಲ್ಲಮ್ಮ” ಎಂದು ಶಶಿ ಬಿಳಿಚಿಕೊಂಡು ಕೂತಳು.

ಮಾಡಿದ್ದನ್ನು ನಾನೇ ಕಂಡಿದ್ದೆ. 'ಜೋಪಾನವಾಗಿಟ್ಟೆ' ಎಂದು ಹೇಳಿದ ಸಾಮಾನು ಮಾಯವಾದರೆ ಅದನ್ನು ಏನನ್ನುತ್ತಾರೆ? ನನಗೆ ಆ ಕಪ್ಪು ತುಂಡು ನೆನಪಾಯಿತು. ಹೊಳೆಹೊನ್ನೂರಿನವಳು ಬ್ಲೌಸಿಗೆ ಬರುವ ದಿನ ಹತ್ತಿರವಿತ್ತು. ಅದು ತಪ್ಪಿದರೆ ಆ ಕಡೆಯ ಮದುವೆ ಕೆಲಸ ಯಾವುದೂ ಮತ್ತೆ ಶಶಿಗೆ ಬರುವುದಿಲ್ಲ. ಫೋನ್ ಮಾಡಿ, ನನ್ನ ನವಿಲು ಎಲ್ಲಿ ಎಂದೆ. ಇನ್ನೇನೇನೋ ಅಂದೆ. ಬೀದಿಗೆಲ್ಲ ಕೇಳಿಸಿತು. ಆತ ಸಿಕ್ಕ ಬಸ್ಸು ಹತ್ತಿ ಬಂದ. 

ಅವತ್ತು ನಾನು ಎದುರಿಗೆ ಕೂರಲಿಲ್ಲ. ಹೊಲಿಗೆ ಮಿಷನ್ನಿಗೆ ಮುಖ ಮಾಡಿ, ಆತನಿಗೆ ಬೆನ್ನು ಹಾಕಿ ಕೂತೆ. ಸ್ಕ್ರೂ ಹಿಡಿದದ್ದು ಶಶಿ. ಬಿಚ್ಚಿ ನೋಡಿ ಮುಚ್ಚಿದ ಮೇಲೆ ಆತ ಲ್ಯಾಪ್‌ಟಾಪ್ ಆನ್ ಮಾಡಿ, ಗೋಡೆಯಿಂದ ಪ್ಲಗ್ಗು ಕಿತ್ತ. ಪರದೆ ತಕ್ಷಣ ಕಪ್ಪಾಯಿತಂತೆ.

“ಬ್ಯಾಟರಿ ಸತ್ತು ಯಾವ ಕಾಲ ಆಯ್ತಮ್ಮ?” ಎಂದು ಕೇಳಿದ.

ತಂದಾಗಲೇ ಸತ್ತಿತ್ತು ಎಂದಳು ಶಶಿ. 

ಆತ ನನ್ನ ಬೆನ್ನಿಗೆ ವಿವರಿಸಿದ. ಸೇವ್ ಎಂದ ಕೂಡಲೇ ಅದು ಕಪಾಟಿಗೆ ಹೋಗುವುದಿಲ್ಲ, ಹೊಸಿಲ ಒಳಗೆ ಒಂದು ಕಟ್ಟೆಯಿದೆ, ಅಲ್ಲಿ ಕೂರುತ್ತದೆ. ಕೂಡಲೇ ಎತ್ತಿ ಕಪಾಟಿಗಿಡು ಎಂದು ಲ್ಯಾಪ್‌ಟಾಪು ಡಿಸ್ಕಿನ ಬೆನ್ನು ಬೀಳುತ್ತದೆ. ಅದರಿಂದ ಕೆಲಸ ನಿಧಾನ. ಬೆನ್ನು ಬೀಳಬೇಡ, ಅದಕ್ಕೆ ಪುರಸೊತ್ತಾದಾಗ ಇಡಲಿ ಎನ್ನುವುದೇ ಆ ಟಿಕ್ಕು. ಬ್ಯಾಟರಿ ಇದ್ದರೆ ಕರೆಂಟು ಹೋದರೂ ಪುರಸೊತ್ತು ಸಿಗುತ್ತದೆ. ಇಲ್ಲದಿದ್ದರೆ ಕಟ್ಟೆಯ ಮೇಲಿದ್ದದ್ದು ಹೋಯಿತು. ನವಿಲು ಕಟ್ಟೆಯ ಮೇಲಿತ್ತು. ಅದು ಇನ್ನು ಯಾವ ರೀತಿಯಲ್ಲೂ ಬರುವುದಿಲ್ಲ.

“ತಪ್ಪು ನಂದು” ಅಂದ.

ಮೂಳೆಗೆ ಹೇಳದ ಮಾತನ್ನು ನವಿಲಿಗೆ ಹೇಳಿದ. ನಾನು ತಿರುಗಿದೆ. ಸುಳ್ಳು ಹೇಳಿದವಳು ಅವಳಲ್ಲವೇ ಎಂದು ಶಶಿಯ ಕಡೆ ಕೈ ತೋರಿಸಿದೆ.

“ಅವಳು ಅದನ್ನ ಹೇಳಿದ್ದು ನಿಮಗೆ, ನನಗಲ್ಲ. ಕೆಟ್ಟ ಮಾಲು ತಂದೆ ಅಂತ ಬೈತೀರ ಅಂತ. ನೀವು ಎದುರಿಗೆ ಕೂತಿದ್ರಿ” ಎಂದ ಆತ. “ಗೇಟಲ್ಲೂ ಹಂಗೇ. ಸೂಪರ್‌ವೈಸರ್ ನಿಂತಿದ್ರೆ ಯಾರೂ ನಂಗೆ ಉತ್ತರ ಹೇಳ್ತಿರ್ಲಿಲ್ಲ, ಅವನಿಗೆ ಹೇಳ್ತಿದ್ರು. ನಂಗೆ ಗೊತ್ತಿತ್ತು ಅದು. ಪ್ಲಗ್ ಕಿತ್ತು ನೋಡ್ಬೇಕಿತ್ತು. ನೋಡ್ಲಿಲ್ಲ. ಈ ಮನೇಲಿ ನೋಡೋರಿದಾರೆ ಅಂತ ನಂಬಿದೆ.”

ನಂಬಿದೆ ಎನ್ನುವಾಗ, ಕುಡಿದೆ ಎಂದು ಒಪ್ಪಿಕೊಳ್ಳುವವನ ಹಾಗೆ ಮುಖ ಮಾಡಿಕೊಂಡ.

ಟಿಕ್ ತೆಗೆದ. ಹೊಸ ಬ್ಯಾಟರಿ ಹಾಕಿಸುವವರೆಗೆ ಅದನ್ನು ಹಾಕಬೇಡಿ ಎಂದು ಶಶಿಗೆ ಎರಡೆರಡು ಸಲ ಹೇಳಿದ. ಖಾಕಿ ಕಾಗದದ ನವಿಲು ಹೇಗೂ ಇತ್ತು. ಶಶಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಗರಿ ಒಂದು ಮುಗಿದಾಗಲೆಲ್ಲ ಸೇವ್ ಮಾಡಿ, ಕರೆಂಟು ಇರುವಾಗಲೇ ಪೆನ್‌ಡ್ರೈವಿಗೂ ಹಾಕಿಕೊಳ್ಳುವುದನ್ನು ಆತನೇ ರೂಢಿ ಮಾಡಿಸಿಕೊಟ್ಟ. ಸಂಜೆಯವರೆಗೆ ಪಕ್ಕದಲ್ಲೇ ಕೂತಿದ್ದ, ನೀರನ್ನೂ ಕುಡಿಯಲಿಲ್ಲ. ಆಮೇಲೆ ಎದ್ದು ಹೊಸಿಲ ಮೇಲೆ ನಿಂತು ಕೈ ಎತ್ತಿದ.

ಸಿಟ್ಟಿನಲ್ಲೇ ತಡವಿದೆ. ಅಂಗಿಯ ಜೇಬಿನಲ್ಲಿ ಬೆರಳಿಗೆ ಏನೋ ಸಿಕ್ಕಿತು. ತೆಗೆದು ನೋಡಿದರೆ ಕರಿ ಬಣ್ಣದ ಸಣ್ಣ ಸ್ಕ್ರೂ.

ಎದುರು ಮನೆಯವಳು ಬಕೆಟ್ಟು ಕೆಳಗಿಟ್ಟಳು. ಶಶಿ ಒಳಗಿನಿಂದ, ನನ್ನ ಕೈಲಿದ್ದವನ್ನೆಲ್ಲ ಕೊಟ್ಟಿದ್ದೆ ಎಂದಳು. ನಾನು ಅವಳನ್ನೂ ನಂಬಲಿಲ್ಲ. ಆತನ ಮುಖ ನೋಡಿದೆ. ಸಿಕ್ಕಿಬಿದ್ದವರ ಮುಖ ನನಗೆ ಗೊತ್ತು. ಈ ಮುಖದಲ್ಲಿ ಗಾಬರಿಯಿರಲಿಲ್ಲ. ಅದು ನನಗೆ ಆಗಲೇ ಸರಿ ಬರಲಿಲ್ಲ.

“ವಾಪಸ್ ಹಾಕ್ಬೇಡಿ” ಎಂದ. “ಸಿಕ್ಕಿದ ಮಾಲನ್ನ ಎತ್ತಿಡ್ಬೇಕು. ಅದಿಲ್ದೆ ಲ್ಯಾಪ್‌ಟಾಪು ಓಡುತ್ತೆ.” ಆಮೇಲೆ ಕೈ ಇಳಿಸಿ ಚೀಲ ಎತ್ತಿಕೊಂಡ. “ಸಿಕ್ಕಿಬಿದ್ದೋನು ಮತ್ತೆ ಒಳಗೆ ಬರಂಗಿಲ್ಲ. ಗೇಟಿನ ರೂಲು.”

ಬರಲೂ ಇಲ್ಲ. ಹೊಳೆಹೊನ್ನೂರಿನ ಬ್ಲೌಸು ಹೊತ್ತಿಗೆ ಸರಿಯಾಗಿ ಹೋಯಿತು, ನವಿಲನ್ನು ನೋಡಿದವರು ಹುಡುಕಿಕೊಂಡು ಬಂದರು, ಶಶಿಯ ಮಿಷನ್ನಿಗೆ ಬಿಡುವಿಲ್ಲದಂತಾಯಿತು. ಲ್ಯಾಪ್‌ಟಾಪಿಗೆ ಏನಾದರೂ ಆದರೆ ಶಶಿ ಫೋನ್ ಮಾಡುತ್ತಿದ್ದಳು. ಆತ ಅಲ್ಲಿಂದಲೇ ಒಂದೊಂದು ಗುಂಡಿಯನ್ನೂ ಹೇಳಿ ಒತ್ತಿಸುತ್ತಿದ್ದ. ಬನ್ನಿ ಎಂದರೆ, “ನಂಗೆ ಗೇಟ್ ಬಂದ್ ಆಗಿದೆಯಮ್ಮ” ಅನ್ನುತ್ತಿದ್ದನಂತೆ. ನಾನೂ ಒಂದು ಸಲ ಫೋನ್ ಕಿತ್ತುಕೊಂಡು, ಬಾರಯ್ಯ ಸಾಕು ಎಂದೆ. ಸಾರಿಗೆ ಈಗಲೂ ಅಷ್ಟೇ ಬೆಲ್ಲ ಹಾಕ್ತೀರಾ ಎಂದು ಕೇಳಿ ಇಟ್ಟುಬಿಟ್ಟ.

ವಿದ್ಯಾನಗರದ ಆ ಮನೆಯಲ್ಲಿ ಜನ ಹೆಚ್ಚಿರಲಿಲ್ಲ. ಮಣ್ಣಿಗೆ ಒಯ್ದ ಮೇಲೆ ಆತನ ತಂಗಿ ನನ್ನನ್ನು ಹಿಂಬದಿಯ ಕೋಣೆಗೆ ಕರೆದಳು. ಚಾಪೆ, ಫ್ಲಾಸ್ಕು, ಗೋಡೆಗೆ ಒರಗಿಸಿದ ಎರಡು ಕಡ್ಡಿ. ದಾರದ ಬಣ್ಣ ಮಾಸಿ ಯಾವುದು ಕೆಂಪು ಯಾವುದು ಹಸಿರು ಗೊತ್ತಾಗುತ್ತಿರಲಿಲ್ಲ.

“ನೀವೇ ಅಲ್ವಾ ನಮ್ಮಣ್ಣನ್ನ ಹಿಡಿದೋರು?” ಎಂದಳು. ಜಗಳಕ್ಕೆ ಕರೆಸಿದಳು ಎಂದು ಸೆರಗು ಬಿಗಿ ಮಾಡಿಕೊಂಡೆ. ಅವಳು ನಗುತ್ತಿದ್ದಳು. “ಮನೆಗೆ ಬಂದೋರಿಗೆಲ್ಲ ಹೇಳ್ತಿದ್ದ. ಭದ್ರಾವತೀಲಿ ಒಬ್ಳು ಹೆಂಗಸಿದಾಳೆ, ನನ್ನ ಜೇಬಿಂದ ಸ್ಕ್ರೂ ತೆಗೆದ್ಲು ಅಂತ. ಅದನ್ನ ಹೇಳೋವಾಗ ಅವನ ಮುಖ ನೋಡ್ಬೇಕಿತ್ತು ನೀವು, ಏನೋ ಮೆಡಲು ಸಿಕ್ಕಿದಂಗೆ.”

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ವರ್ಷಗಟ್ಟಲೆ ಬೇರೆಯವರ ಕೈ ಕಾದವನು, ಒಂದು ಸ್ಕ್ರೂ ಯಾವ ತೂತಿನದು ಎಂದು ಕಣ್ಣುಮುಚ್ಚಿ ಹೇಳುವವನು, ಅದನ್ನು ಮರೆತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆಯೇ? ನಾನು ಮೊದಲು ನೋಡುವುದು ಆ ಜೇಬನ್ನೇ ಎಂದು ಆತನಿಗೆ ಗೊತ್ತಿತ್ತು.

ಮನೆಗೆ ಬಂದವಳೇ ಹುಕ್ಕು ಗುಂಡಿ ಇಡುವ ಡಬ್ಬಿ ತೆಗೆದೆ. ಸ್ಕ್ರೂ ತಳದಲ್ಲಿತ್ತು. ಶಶಿಗೆ ಮಿಷನ್ ನಿಲ್ಲಿಸು ಎಂದು ಹೇಳಿ, ಲ್ಯಾಪ್‌ಟಾಪ್ ಮಗುಚಿಸಿ, ಇದನ್ನು ಅದರ ಜಾಗಕ್ಕೆ ಹಾಕು ಎಂದೆ. ಕನ್ನಡಕ ಹಾಕಿಕೊಂಡು ಎದುರಿಗೆ ಕೂತೆ.

ಶಶಿ ಬೆರಳಾಡಿಸಿ ಹುಡುಕಿದಳು. ಮೂಲೆಯಿಂದ ಮೂಲೆಗೆ ಮತ್ತೆ ಹುಡುಕಿದಳು. ನಾನು ಅವಳ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಒಂದು ತೂತೂ ಖಾಲಿ ಇರಲಿಲ್ಲ. ಇದ್ದ ಸ್ಕ್ರೂಗಳೆಲ್ಲ ಬಿಳಿ, ಇದು ಕರಿ. ಒಂದನ್ನು ಬಿಚ್ಚಿ ಅದರ ಜಾಗದಲ್ಲಿ ಇದನ್ನು ತಿರುಗಿಸಿ ನೋಡಿದಳು. ಹಿಡಿಯಲಿಲ್ಲ.

“ನಮ್ಮದಲ್ಲಮ್ಮ ಇದು” ಎಂದಳು ಶಶಿ.

ಹಾಗಾದರೆ ನವಿಲಿನ ತಪ್ಪಿಗೆ ಸಿಕ್ಕಿಬೀಳಲೆಂದೇ ಮನೆಯಿಂದ ತಂದು ಜೇಬಿಗೆ ಹಾಕಿಕೊಂಡು ಬಂದಿದ್ದ. ಅಥವಾ ಬೇರೆ ಯಾರದೋ ಮನೆಯಿಂದ ನಿಜವಾಗಿಯೂ ಎತ್ತಿಕೊಂಡದ್ದು. ಆತನನ್ನು ಕೇಳುವ ಹಾಗಿಲ್ಲ.

ಸ್ಕ್ರೂವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಯಾರಾದರೂ ತಮ್ಮದೆಂದು ಕೇಳಿಕೊಂಡು ಬಂದರೆ, ಅವರ ಲ್ಯಾಪ್‌ಟಾಪ್ ಮಗುಚಿ ನೋಡಿ ಕೊಡುತ್ತೇನೆ.